ಉಗಿಬಂಡಿಯ ನೀರು

ನೀರಿದ್ದವನೇ ಊರಿನ ಒಡೆಯನೆಂಬುದಕ್ಕೆ ನಾನು ಕೊಡುವ ನಿದರ್ಶನ ಅಮೆರಿಕದ ನೆವಾಡ ಮರುಭೂಮಿಯ ಲಾಸ್ ವೇಗಸ್. ಈ ಸ್ಪ್ಯಾನಿಷ್ ಹೆಸರಿಗೆ ಹುಲ್ಲುಗಾವಲುಗಳೆಂದು ಅರ್ಥ. ಹುಲ್ಲಿಗೆ ಕಾರಣ ಅಲ್ಲಿನ ಬುಗ್ಗೆಗಳು.

ಉಗಿಬಂಡಿಗೆ ಉರುವಲಿನಷ್ಟೇ ನೀರೂ ಬೇಕಷ್ಟೆ? ಅದಕ್ಕೆಂದೇ 1902ರಲ್ಲಿ ಸೆನೆಟರ್ ವಿಲಿಯಂ ಕ್ಲಾರ್ಕ್ ತನ್ನ ರೈಲ್ವೆಗಾಗಿ ಹೆಲೆನ್ ಸ್ಟೂವರ್ಟ್ ಎಂಬ ವಿಧವೆಯ ಜಮೀನನ್ನು ನೀರಿನ ಹಕ್ಕಿನೊಡನೆ ಕೊಂಡನು. 1905ರ ಮೇ 15ರಂದು ನಿವೇಶನಗಳ ಹರಾಜು ನಡೆದು ಊರು ಹುಟ್ಟಿತು. ಬುಗ್ಗೆಯ ನೀರು ಮೊದಲು ಬಂಡಿಗೆ, ಬಳಿಕ ಕಂಪನಿ ಮಾರಿದ ನಿವೇಶನಗಳಿಗೆ; ಹಳಿಯಾಚೆಯವರಿಗೆ ಬಾವಿಯೇ ಗತಿ.

1954ರಲ್ಲಿ ನೀರು ಸಾರ್ವಜನಿಕ ಸಂಸ್ಥೆಯ ಕೈ ಸೇರಿತು. ಆದರೆ ಬೆಳೆದ ಊರು ಅಂತರ್ಜಲವನ್ನು ಹೀರಿ, 1962ರ ವೇಳೆಗೆ ಬುಗ್ಗೆಗಳೇ ಬತ್ತಿದವು. ಹಕ್ಕುಪತ್ರ ಬರೆಯುವವರು ಒರತೆಯನ್ನು ಕೇಳಿ ಬರೆಯುವುದಿಲ್ಲವೆಂದು ನನಗೆ ತೋರುತ್ತದೆ.