ಕಬ್ಬಿನ ಹಂಗಾಮು, ಫುಟ್‌ಬಾಲ್ ಹಂಗಾಮು

ನಮ್ಮ ಗಡಹಿಂಗ್ಲಜ ಸೀಮೆಯಲ್ಲಿ ಎರಡು ಹಂಗಾಮು ಹೆಚ್ಚುಕಡಿಮೆ ಒಂದೇ ವೇಳೆಗೆ ಸುರು ಆಗ್ತಾವ. ಒಂದು ಸಕ್ಕರೆ ಕಾರಖಾನೆ ಹಂಗಾಮು, ಇನ್ನೊಂದು ಫುಟ್‌ಬಾಲ್ ಹಂಗಾಮು. ದೀಪಾವಳಿ ಹೊತ್ತಿಗೆ ಗಾಣಕ್ಕೆ ಕಬ್ಬು ಬೀಳ್ತದ, ಅದೇ ಹೊತ್ತಿಗೆ ಎಂ. ಆರ್. ಹಾಯಸ್ಕೂಲ್ ಮೈದಾನದೊಳಗೆ ಚೆಂಡು ಬೀಳ್ತದ. ಮುಂಗಾರಿನ ಮೊದಲ ಹನಿ ಬಿತ್ತಂದ್ರ ಎರಡೂ ಬಂದ್. ನಾನು ರೈತ, ಮೇಲಾಗಿ ಗೀಗೀ ಪದ ಹಾಡಾಂವ. ಆಟದ ಪಂಡಿತ ಅಲ್ಲ. ಆದರೆ ಹಲಗಿ ಬಾರಿಸಾಕ ಅಂತ ಎಷ್ಟೋ ಸಾಮನೆಗೆ ಹೋಗೇನಿ, ಕಂಡದ್ದು ಕೇಳಿದ್ದು ಬರೀತೇನಿ.

ಮೊದಲು ಈ ಆಟ ನಮ್ಮಲ್ಲಿ ಬೇರು ಬಿಟ್ಟದ್ದು ಹ್ಯಾಂಗ ಅನ್ನೋದು ತಿಳೀಬೇಕು. ಕೊಲ್ಹಾಪುರ ಅಂದ್ರ ಕುಸ್ತಿ. ಶಾಹು ಮಹಾರಾಜರು 1894ರಲ್ಲಿ ಗಾದಿಗೆ ಬಂದರು. ಕುಸ್ತಿಗೆ ಅವರು ಕೊಟ್ಟ ಆಸರೆ ಎಲ್ಲರಿಗೂ ಗೊತ್ತಿದ್ದದ್ದೇ. 1902ರಲ್ಲಿ ಎಡ್ವರ್ಡ್ ಬಾದಶಹನ ಪಟ್ಟಾಭಿಷೇಕಕ್ಕೆ ಇಂಗ್ಲೆಂಡಿಗೆ ಹೋದಾಗ ರೋಮ್ ಶಹರದ ಹಳೆಯ ದುಂಡು ಅಖಾಡ ಅವರ ಕಣ್ಣಿಗೆ ಬಿತ್ತು, ಅದರ ನೆನಪಿನ ಮೇಲೆ ಖಾಸಬಾಗ ಮೈದಾನ ಕಟ್ಟಿಸಿದರು ಅಂತಾರ. ಊರಿನ ಪೇಠ ಪೇಠಕ್ಕೂ ತಾಲೀಮು ಇದ್ದವು. ತಾಲೀಮು ಅಂದ್ರ ಬರೇ ಮಣ್ಣು ಹದ ಮಾಡೋ ಗರಡಿ ಅಲ್ಲ. ಓಣಿಯ ಗಣಪತಿ, ಓಣಿಯ ನ್ಯಾಯ, ಓಣಿಯ ಮಾನ ಎಲ್ಲಾ ಅಲ್ಲೇ.

ಫುಟ್‌ಬಾಲ್ ಬಿಳಿಯರು ತಂದ ಆಟ. 1911ರ ಜುಲೈ 29ಕ್ಕೆ ಕಲಕತ್ತೆಯಲ್ಲಿ ಮೋಹನ ಬಾಗಾನ್ ತಂಡದವರು, ಹೆಚ್ಚಿನವರು ಬರಿಗಾಲಿನವರು, ಈಸ್ಟ್ ಯಾರ್ಕ್‌ಶಾಯರ್ ಪಲಟನ್ನಿನ ಗೋರಾ ಸಿಪಾಯಿಗಳನ್ನು 2-1ರಿಂದ ಸೋಲಿಸಿ ಐ.ಎಫ್.ಎ. ಶೀಲ್ಡ್ ಗೆದ್ದರು. ಅಂಥಾ ಆಟ ಕೊಲ್ಹಾಪುರಕ್ಕೆ ಬಂದಾಗ ಬೇರೆ ಊರಿನ ಹಾಂಗ ಗಿರಣಿಯ ತಂಡ, ಬ್ಯಾಂಕಿನ ತಂಡ ಅಂತ ಬೆಳೀಲಿಲ್ಲ. ತಾಲೀಮಿನ ಮಡಿಲಿಗೇ ಬಿತ್ತು. ಅದಕ್ಕೇ ಇಂದಿಗೂ ತಂಡಗಳ ಹೆಸರು ನೋಡ್ರಿ: ಪಾಟಾಕಡೀಲ ತಾಲೀಮು, ದಿಲಬಹಾರ ತಾಲೀಮು, ಖಂಡೋಬಾ ತಾಲೀಮು, ಬಾಲಗೋಪಾಲ ತಾಲೀಮು. ಪೈಲವಾನರ ಮನೆಯ ಮಕ್ಕಳೇ ಚೆಂಡಿಗೆ ಒದ್ದರು. ಲಂಗೋಟಿ ಹೋಗಿ ಚಡ್ಡಿ ಬಂತು, ಓಣಿಯ ಮಾನ ಮಾತ್ರ ಹಾಂಗೇ ಉಳೀತು.

ಈಗ ಹಂಗಾಮಿನ ಲೆಕ್ಕ ಹೇಳ್ತೇನಿ. ಕೊಲ್ಹಾಪುರ ಸ್ಪೋರ್ಟ್ಸ್ ಅಸೋಸಿಯೇಶನ್, ಜನರ ಬಾಯಲ್ಲಿ ಕೆ.ಎಸ್.ಎ., ಮೊದಲು ಆಟಗಾರರ ನೋಂದಣಿ ಮಾಡ್ತದ. ಯಾವ ಹುಡುಗ ಯಾವ ತಂಡಕ್ಕೆ ಅಂತ ಅಲ್ಲೇ ಠರಾವು. ಮುಂದೆ ಶಾಹು ಸ್ಟೇಡಿಯಮ್ಮಿನಲ್ಲಿ ಲೀಗ್. ಮೇಲಿನ ದರ್ಜೆಯಲ್ಲಿ 16 ತಂಡ, ಎಂಟೆಂಟರ ಎರಡು ಗುಂಪು. ಒಂದೊಂದು ತಂಡಕ್ಕೆ 7 ಸಾಮನೆ, ಗುಂಪಿಗೆ 28, ಒಟ್ಟು 56. ಗೆದ್ದರೆ 3 ಗುಣ, ಸಮ ಆದರೆ 1. ಲೀಗ್ ಮುಗಿದ ಮೇಲೆ ಒಂದರ ಹಿಂದೆ ಒಂದು ಚಷಕದ ಆಟ. ಅಲ್ಲಿ ಸೋತಾಂವ ಮನಿಗೆ. ಲೀಗ್ ಅಂದ್ರ ಒಕ್ಕಲುತನ, ವರ್ಷದ ದುಡಿತ ತೂಗ್ತದ. ಚಷಕ ಅಂದ್ರ ಜಾತ್ರಿ ಕುಸ್ತಿ, ಒಂದು ಡಾವಿಗೆ ಆಟ ಖತಂ.

ಗಡಹಿಂಗ್ಲಜದ ರೀತಿ ಬೇರೆ. ತಾಲೂಕಿನ ಸಣ್ಣ ಊರು, ರಾಜಾಶ್ರಯ ಇಲ್ಲ, ದೊಡ್ಡ ಸ್ಟೇಡಿಯಂ ಇಲ್ಲ. ಆದರೂ ಗಡಹಿಂಗ್ಲಜ ಯುನೈಟೆಡ್‌ನವರು ದೀಪಾವಳಿಗೆ ಅಖಿಲ ಭಾರತ ಪಂದ್ಯ ಕೂಡಿಸ್ತಾರ. ಗೋವಾ, ಕೇರಳ, ಬೆಂಗಳೂರು, ಮುಂಬಯಿ ಕಡೆಯ ತಂಡ ಬಂದು ಆಡಿ ಹೋಗ್ತಾವ. ನೂಲ, ಹಲಕರ್ಣಿ, ಬಸರ್ಗಿ ಕಡೆಯಿಂದ ನಮ್ಮ ಕನ್ನಡ ಮಂದಿ ಬುತ್ತಿ ಕಟ್ಟಿಕೊಂಡು ಬರ್ತಾರ. ಬೆಂಗಳೂರಿನ ತಂಡ ಬಂದಾಗ ಯಾರ ಕಡೆ ಚಪ್ಪಾಳಿ ಹೊಡೀಬೇಕು ಅಂತ ನಮಗ ಪೇಚು. 1956ರ ಗಡಿ ಗೆರೆ ನಮ್ಮನ್ನ ಎರಡೂ ಕಡೆಯ ನೆಂಟರನ್ನಾಗಿ ಮಾಡೇತಿ. 2023ರ ಮಾರ್ಚ್ 4ಕ್ಕೆ ರಿಯಾಧದಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ ಟ್ರೋಫಿ ತಂದಾಗ, ಮೈಸೂರು ಅನ್ನೋ ಹೆಸರಿದ್ದಾಗ ಗೆದ್ದು 54 ವರ್ಷ ಆಗಿತ್ತು. ಆ ದಿನ ನಮ್ಮ ಓಣಿಯೊಳಗ ಪೇಢೆ ಹಂಚಿದೆವು. 2017ರಲ್ಲಿ ಕೊಲ್ಹಾಪುರದ ಅನಿಕೇತ ಜಾಧವ 17 ವರ್ಷದೊಳಗಿನವರ ವಿಶ್ವಕಪ್ಪಿನಲ್ಲಿ ಭಾರತದ ಅಂಗಿ ತೊಟ್ಟಾಗಲೂ ಹಂಚಿದ್ದೆವು. ಎರಡೂ ಸಲ ಬಾಯಿ ಸಿಹಿ ಒಂದೇ.

ಇನ್ನು ಕಹಿ ಮಾತು. ಮಂಗಳವಾರ ಪೇಠ, ಶಿವಾಜಿ ಪೇಠ ಅಂತ ಹುರುಪು ಏರಿದಾಗ ಕೊಲ್ಹಾಪುರದಲ್ಲಿ ಆಟ ಬಿಟ್ಟು ಹೊಡೆದಾಟ ಆದದ್ದುಂಟು. ಕಲ್ಲು ತೂರಾಟ ಆಗಿ ಪೊಲೀಸರು ಬಂದದ್ದುಂಟು. ಇದನ್ನ ನೋಡಿದಾಗ ನನಗ ನಮ್ಮ ಹರದೇಶಿ-ನಾಗೇಶಿ ನೆನಪಾಗ್ತದ. ಹರದೇಶಿಯವರು ಗಂಡು ಹೆಚ್ಚು ಅಂತಾರ, ನಾಗೇಶಿಯವರು ಹೆಣ್ಣು ಹೆಚ್ಚು ಅಂತಾರ. ರಾತ್ರಿಯೆಲ್ಲಾ ಸವಾಲು-ಜವಾಬು, ಒಬ್ಬರ ಮಾತು ಒಬ್ಬರು ಹರಿದು ಚೆಲ್ತಾರ. ಬೆಳಗಾತಂದ್ರ ಎರಡೂ ಮೇಳ ಕೂಡಿ ಮಂಗಳ ಹಾಡಿ, ಒಂದೇ ಪಂಕ್ತಿಗೆ ಉಣ್ಣಾಕ ಕೂಡ್ತಾರ. ಎದುರಾಳಿ ಇಲ್ಲದೆ ಹಾಡು ಇಲ್ಲ ಅಂತ ಹಾಡಾಂವಗ ಗೊತ್ತು. ಎದುರು ತಂಡ ಇಲ್ಲದಿದ್ದರ ಚೆಂಡು ಯಾರ ಕಡೆ ಒದೀತಿ ತಮ್ಮಾ?

ಇನ್ನೊಂದು ಕಹಿ ನನ್ನ ಮನಿಯದೇ. ನನ್ನ ತಮ್ಮ ಹರೇದಾಗ ಹತ್ತಿರದ ಪ್ಯಾಟಿಯ ಒಂದು ತಂಡಕ್ಕೆ ಆಡ್ತಿದ್ದ. ಸಂಬಳ ಇಲ್ಲ. ಬಸ್ಸಿನ ರೊಕ್ಕ, ಆಟ ಮುಗಿದ ಮೇಲೆ ಒಂದು ಪ್ಲೇಟು ಮಿಸಳ, ಅಷ್ಟೇ. ಒಂದು ಹಂಗಾಮಿನ ನಡುವೆ ಮೊಣಕಾಲು ತಿರುವಿತು. ಹೊತ್ತುಕೊಂಡು ಮನಿ ಮುಟ್ಟಿಸಿದರು, ಮುಂದೆ ಯಾರೂ ಹಣಕಿ ಹಾಕಲಿಲ್ಲ. ಮರು ವರ್ಷ ಅವನ ನಂಬರಿನ ಅಂಗಿ ಬೇರೆ ಹುಡುಗ ತೊಟ್ಟಿದ್ದ. ತಮ್ಮ ಸಿಟ್ಟಾಗಲಿಲ್ಲ. ಕುಂಟಕೋತ ಹೋಗಿ ಆ ಹುಡುಗನ ಆಟ ನೋಡಿ ಬಂದು, "ಎಡಗಾಲು ಚಲೋ ಐತಿ ಅಣ್ಣಾ" ಅಂದ. ಇಂದಿಗೂ ಕಬ್ಬಿಗೆ ನೀರು ಹಾಯಿಸುವಾಗ ಬದು ಏರಾಕ ಅವನಿಗೆ ಕೈ ಆಸರೆ ಬೇಕು.

ಈಗ ರೊಕ್ಕ ಬಂದೇತಿ. ಕೊಲ್ಹಾಪುರದ ತಂಡಗಳು ಹಂಗಾಮಿಗೆ ಅಂತ ಹೊರಗಿನ ಆಟಗಾರರನ್ನ ಕರೆಸ್ತಾವ, ನೈಜೀರಿಯಾ ದೇಶದವರೂ ಬಂದು ಆಡ್ಯಾರ. ಇದು ತಪ್ಪು ಅಂತ ನಾನು ಅನ್ನೂದಿಲ್ಲ. ಕಬ್ಬು ಕಡಿಯಾಕ ಬೀಡ ಕಡೆಯಿಂದ ಟೋಳಿ ಬರೂದಿಲ್ಲೇನು? ಆದರೆ ಕಾರಖಾನೆ ಹಂಗಾಮು ಮುಗಿದ ಮೇಲೆ ಎಷ್ಟು ಟನ್ನು ಅರೆದೆವು ಅಂತ ಹಲಗೆ ಮೇಲೆ ಬರೀತದ, ಯಾರ ಕೈಗೆ ಕೊಯ್ತಾ ತಾಕಿತು ಅಂತ ಬರಿಯೂದಿಲ್ಲ. ಆಟದ ಚರಿತ್ರೆಯೂ ಹಾಂಗೇ. ಚಷಕದ ಮೇಲೆ ತಂಡದ ಹೆಸರು, ಪ್ರಾಯೋಜಕರ ಹೆಸರು. ಮೊಣಕಾಲಿನ ಹೆಸರಿಲ್ಲ.

ಅದಕ್ಕ ನಮ್ಮ ವಾಚನಾಲಯದವರಿಗೆ, ಸಾಲಿ ಗುರುಗಳಿಗೆ ನನ್ನದೊಂದು ಅರಿಕೆ. ಒಂದು ವಹಿ ಇಡ್ರಿ. ನಮ್ಮ ಸುತ್ತಿನ ಹಳ್ಳಿಗಳಿಂದ ಯಾರ‍್ಯಾರು ಯಾವ ಹಂಗಾಮಿನಲ್ಲಿ ಆಡಿದರು, ಯಾರಿಗೆ ಪೆಟ್ಟಾಯಿತು, ಆಟ ಬಿಟ್ಟ ಮೇಲೆ ಏನು ಮಾಡಿದರು, ಬರೆಸ್ರಿ. ಮುದುಕರು ಇನ್ನೂ ಅದಾರ, ಅವರಿಗೆ ಇಸವಿ ನೆನಪಿಲ್ಲದಿದ್ದರೂ ಯಾವ ಬರಗಾಲ, ಯಾವ ಹೊಳಿ ಮಹಾಪೂರ ಅಂತ ಹೇಳ್ತಾರ. ಆ ಗುರ್ತಿನಿಂದ ಇಸವಿ ಹುಡುಕಬಹುದು. ಮೊದಲ ಹಾಳಿಯ ಮೇಲೆ ಬರೆಯಾಕ ನನ್ನ ತಮ್ಮನ್ನ ನಾನೇ ಕರಕೊಂಡು ಬರ್ತೇನಿ. ಮೆಟ್ಟಲ ಏರೂದು ತಡ ಆದೀತು, ಸ್ವಲ್ಪ ಕಾಯ್ರಿ.