ಜಮಖಂಡಿಯ ಗ್ರಹಣವೂ ಪರಗ್ರಹಗಳ ವಾಯುಮಂಡಲವೂ

ಅಕ್ಷರವನ್ನು ಕಾಣುವುದು ಬೇರೆ, ಪಾಠವನ್ನು ನಿರ್ಣಯಿಸುವುದು ಬೇರೆ ಎಂಬುದು ಪ್ರಾಚೀನ ಗ್ರಂಥಗಳನ್ನು ಪರಿಶೋಧಿಸುವವರಿಗೆಲ್ಲ ವಿದಿತವೇ ಇದೆ. ಬೆಳಕನ್ನು ಓದುವ ಶಾಸ್ತ್ರಕ್ಕೂ ಇದೇ ನಿಯಮವು ಸಲ್ಲುತ್ತದೆಂಬುದಕ್ಕೆ ನಮ್ಮ ನಾಡಿನ ಜಮಖಂಡಿಯ ಒಂದು ವೃತ್ತಾಂತವು ಸಾಕ್ಷಿಯಾಗಿದೆ.

1868ನೆಯ ಆಗಸ್ಟ್ 18ರಂದು ಖಗ್ರಾಸ ಸೂರ್ಯಗ್ರಹಣವು ಸಂಭವಿಸಿತು. ಆಗ ದೇಶೀಯ ಸಂಸ್ಥಾನವಾಗಿದ್ದು ಈಗ ಬಾಗಲಕೋಟೆ ಜಿಲ್ಲೆಗೆ ಸೇರಿರುವ ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಎಂಬವರು ವರ್ಣಪಟಲದರ್ಶಕವನ್ನು ಸಜ್ಜುಮಾಡಿಕೊಂಡು ಕಾದಿದ್ದರು. ಇವರು ಯುರೇನಸ್ ಗ್ರಹವನ್ನು 1781ರಲ್ಲಿ ಕಂಡುಹಿಡಿದ ವಿಲಿಯಂ ಹರ್ಷೆಲರ ಮೊಮ್ಮಗ. ನಡುನಡುವೆ ಮೋಡಗಳು ಅಡ್ಡಬಂದುವು. ಆದರೂ ದೊರೆತ ಅಲ್ಪಾವಕಾಶದಲ್ಲಿ ಸೂರ್ಯನ ಅಂಚಿನ ಜ್ವಾಲೆಯಲ್ಲಿ ಕೆಂಪು, ಕಿತ್ತಳೆ, ನೀಲಿ ಬಣ್ಣದ ಮೂರು ಉಜ್ಜ್ವಲ ರೇಖೆಗಳು ಅವರಿಗೆ ಗೋಚರಿಸಿದುವು. ಇಂತಹ ಬಿಡಿರೇಖೆಗಳು ಕಾದ ವಿರಳಾನಿಲದ ಲಕ್ಷಣವಾದುದರಿಂದ ಆ ಜ್ವಾಲೆಯು ಅನಿಲವೇ ಎಂಬುದು ಸಿದ್ಧವಾಯಿತು. ಗುಂಟೂರಿನಲ್ಲಿದ್ದ ಜಾನ್ಸನ್, ಟೆನಂಟ್ ಮೊದಲಾದವರೂ ಅದನ್ನೇ ಕಂಡರು.

ಹರ್ಷೆಲರು ಕಿತ್ತಳೆಯ ರೇಖೆಯನ್ನು ಸೋಡಿಯಂ ಧಾತುವಿನ ರೇಖೆಯೊಡನೆ ಒಂದೆಂದು ಎಣಿಸಿದರು. ತಮ್ಮ ಯಂತ್ರವು ನಿರ್ಣಯಿಸಬಲ್ಲಷ್ಟರ ಮಟ್ಟಿಗೆ ಮಾತ್ರ ಈ ಮಾತೆಂದು ಎಚ್ಚರಿಕೆಯನ್ನೂ ಇಟ್ಟರು. ಆ ವರ್ಷದ ಅಕ್ಟೋಬರ್ 20ರಿಂದ ಇಂಗ್ಲೆಂಡಿನಲ್ಲಿ ಲಾಕಿಯರ್ ಎಂಬವರು ಗ್ರಹಣವಿಲ್ಲದೆಯೇ ಆ ರೇಖೆಗಳನ್ನು ಪರೀಕ್ಷಿಸಿದಾಗ ಅದು ಸೋಡಿಯಂ ರೇಖೆಯಲ್ಲವೆಂದು ತಿಳಿಯಿತು. ಆ ಅಜ್ಞಾತ ವಸ್ತುವಿಗೆ ಗ್ರೀಕ್ ಭಾಷೆಯ ಸೂರ್ಯನಾಮದಿಂದ ಹೀಲಿಯಂ ಎಂಬ ಹೆಸರಾಯಿತು. ಭೂಮಿಯಲ್ಲಿ ಅದು ರ‍್ಯಾಮ್ಸೆಯವರ ಕೈಗೆ ಸಿಕ್ಕಿದುದು 1895ರಲ್ಲಿ. ಕಂಡ ರೇಖೆಯು ನಿಜ. ಇಟ್ಟ ಹೆಸರು ಮಾತ್ರ ತಪ್ಪು.

ಈಗ ಈ ವಿದ್ಯೆಯು ಅನ್ಯ ನಕ್ಷತ್ರಗಳ ಗ್ರಹಗಳವರೆಗೆ, ಅಂದರೆ ಪರಗ್ರಹಗಳವರೆಗೆ ವ್ಯಾಪಿಸಿದೆ. ಗ್ರಹವು ತನ್ನ ನಕ್ಷತ್ರದ ಮುಂದೆ ಹಾಯುವಾಗ ಅದರ ವಾಯುಮಂಡಲದಲ್ಲಿ ಸೋಸಿದ ಬೆಳಕನ್ನು ಪರೀಕ್ಷಿಸುವುದು ಒಂದು ಕ್ರಮ. ಗ್ರಹವು ಹಿಂದೆ ಮರೆಯಾದಾಗ ಎಷ್ಟು ಬೆಳಕು ಕುಂದಿತೆಂದು ನೋಡಿ ಗ್ರಹದ ಪಾಲನ್ನು ಪ್ರತ್ಯೇಕಿಸುವುದು ಇನ್ನೊಂದು. ಎರಡೂ ಗ್ರಹಣದ ಪ್ರಭೇದಗಳೇ. ಭೂಮಿಯ ಹಬೆಯು ಅಡ್ಡಬಾರದಂತೆ ಈ ಕಾರ್ಯವನ್ನು ಹಬಲ್ ಮತ್ತು 2021ರ ಡಿಸೆಂಬರಿನಲ್ಲಿ ಹಾರಿಸಿದ ಜೇಮ್ಸ್ ವೆಬ್ ದೂರದರ್ಶಕಗಳು ಅಂತರಿಕ್ಷದಿಂದಲೇ ನಡೆಸುತ್ತವೆ.

ವಾಸ್ಪ್-121ಬಿ ಎಂಬುದು ಸುಮಾರು 30 ಗಂಟೆಗಳಲ್ಲಿ ತನ್ನ ನಕ್ಷತ್ರವನ್ನು ಸುತ್ತುವ, ಗುರುವಿಗಿಂತ ದೊಡ್ಡದಾದ ಅತ್ಯುಷ್ಣ ಗ್ರಹ. 2017ರಲ್ಲಿ ಹಬಲಿನ ದತ್ತಾಂಶದಿಂದ ಅದರ ಹಗಲುಭಾಗದಲ್ಲಿ ನೀರಿನ ಹಬೆಯು ತಾನೇ ಬೆಳಗುತ್ತಿರುವುದು ಗೊತ್ತಾಯಿತು. ಮೇಲೇರಿದಂತೆ ಶಾಖವು ಹೆಚ್ಚುವುದೆಂಬುದೇ ಅದರ ತಾತ್ಪರ್ಯ. ಜೊತೆಗೆ ಕಂಡ ಒಂದು ಉಬ್ಬನ್ನು ವನೇಡಿಯಂ ಆಕ್ಸೈಡಿನದಿರಬೇಕೆಂದು ಊಹಿಸಿದರು. ಇನ್ನೂ ಹಲವು ಮರೆವೆಗಳನ್ನು ನೋಡಿ ಸೇರಿಸಿದ ಮೇಲೆ, 2020ರಲ್ಲಿ, ನೀರು ನಿಂತಿತು. ಆ ಉಬ್ಬು ಆಕಸ್ಮಿಕವೆಂದು ತೋರಿತು.

ಜಮಖಂಡಿಯ ರೇಖೆಗೂ ಈ ಉಬ್ಬಿಗೂ ಭೇದವುಂಟು: ಅಲ್ಲಿ ರೇಖೆ ಉಳಿದು ಹೆಸರು ಹೋಯಿತು, ಇಲ್ಲಿ ಗುರುತೇ ಅಳಿಯಿತು. ಎರಡನ್ನೂ ತಿದ್ದಿದುದು ಪುನರ್ದರ್ಶನವೇ. ಕೊತ್ತಗೆರೆಯಲ್ಲಿ ಓಲೆಗರಿಗಳ ಮುಂದೆ ಕುಳಿತಿರುವ ನನ್ನಂತಹವನಿಗೂ ಇದರಲ್ಲಿ ಪಾಠವಿದೆ. ಒಂದೇ ಪ್ರತಿಯನ್ನು ನಂಬಿ ಕವಿಯ ಕಾಲವನ್ನೋ ಮತವನ್ನೋ ಸಾಧಿಸುವವರು, ತಮ್ಮ ಯಂತ್ರದ ಮಿತಿಯನ್ನು ತಾವೇ ಬರೆದಿಟ್ಟ ಹರ್ಷೆಲರನ್ನು ನೆನೆಯುವುದು ಯುಕ್ತವೆಂದು ತೋರುತ್ತದೆ.