ಕರೆ, ಕೋಣ, ಗಡಿಯಾರ: ಕಂಬಳದ ಹಿಂದಿನ ವೀರರೂ ಇಂದಿನ ವೇಗಿಗಳೂ

ಕಾರ್ಕಳ ಸೀಮೆಯ ಕಂಬಳಗಳಲ್ಲಿ ನಡುರಾತ್ರಿ ದಾಟಿದ ಮೇಲೆ ಕೋಣಗಳ ಓಟ ಮುಗಿಯುವ ಮಂಜೊಟ್ಟಿಯ ಬಳಿ ಒಂದು ವಾದ ಏಳದೆ ಇರುವುದಿಲ್ಲ. ಈಗಿನ ಹಗ್ಗದ ಓಟಗಾರರು ನಲವತ್ತು ವರ್ಷ ಹಿಂದಿನವರ ಎದುರು ಗೆಲ್ಲುತ್ತಿದ್ದರೇ? ಆಗಿನವರ ಕಾಲಿನ ಕಸುವೇ ಬೇರೆ ಎಂದು ಹಿರಿಯರು ಹೇಳುತ್ತಾರೆ. ಕಿರಿಯರು ಫಲಕದ ಮೇಲೆ ಮಿನುಗುವ ಸೆಕೆಂಡುಗಳತ್ತ ಕೈ ತೋರುತ್ತಾರೆ.

ಈ ವಾದ ನಮ್ಮೂರಿನದು ಮಾತ್ರವಲ್ಲ. ಕಾಲ ಬೇರೆಯಾದ ಇಬ್ಬರು ಚಾಂಪಿಯನ್ನರನ್ನು ಎದುರುಬದುರು ನಿಲ್ಲಿಸುವ ಆಸೆ ಬಾಕ್ಸಿಂಗ್‌ನಲ್ಲಿ ಎಷ್ಟು ಬಲವಾಗಿತ್ತೆಂದರೆ, ಸೋಲನ್ನೇ ಕಾಣದೆ ನಿವೃತ್ತನಾಗಿದ್ದ ರಾಕಿ ಮಾರ್ಸಿಯಾನೊ ಮತ್ತು ಮೊಹಮ್ಮದ್ ಅಲಿ ಇಬ್ಬರನ್ನೂ ಕರೆಸಿ 1969ರಲ್ಲಿ ಕ್ಯಾಮೆರಾದ ಮುಂದೆ ಹೊಡೆದಾಟದ ಅಭಿನಯ ಮಾಡಿಸಿದರು. ಗೆಲುವು ಯಾರದೆಂದು ಹೇಳುವ ಕೆಲಸ ಕಂಪ್ಯೂಟರಿನದು. 1970ರ ಜನವರಿಯಲ್ಲಿ ಅಮೆರಿಕದ ಚಿತ್ರಮಂದಿರಗಳಲ್ಲಿ ಅದು ತೆರೆ ಕಂಡಾಗ ಮಾರ್ಸಿಯಾನೊ 13ನೇ ಸುತ್ತಿನಲ್ಲಿ ಗೆದ್ದಿದ್ದ. ಅದನ್ನು ನೋಡಲು ಅವನು ಬದುಕಿರಲಿಲ್ಲ. ಹಿಂದಿನ ಆಗಸ್ಟಿನಲ್ಲೇ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದ. ವಾದವೂ ಮುಗಿಯಲಿಲ್ಲ, ಯಾಕೆಂದರೆ ಕಂಪ್ಯೂಟರಿಗೆ ಉಣಿಸಿದ್ದು ಮನುಷ್ಯರ ಅಂದಾಜುಗಳನ್ನೇ.

ಬಾಕ್ಸಿಂಗ್‌ನಲ್ಲಿ ಹಳಬರ ಹೆಸರಿದೆ, ಗೆದ್ದ ಪಂದ್ಯಗಳ ಲೆಕ್ಕವಿದೆ, ಫಿಲ್ಮುಗಳಿವೆ. ಕಂಬಳದಲ್ಲಿ ಹಳಬರನ್ನು ಹುಡುಕಲು ಹೊರಟರೆ ಸಿಗುವುದು ಬೀಡು, ಗುತ್ತು ಎಂಬ ಭೂಮಾಲೀಕ ಮನೆತನಗಳ ಹೆಸರು, ಯಜಮಾನರ ಹೆಸರು, ಕೆಲವೊಮ್ಮೆ ಕೋಣದ ಹೆಸರು. ಓಡಿಸಿದವನ ಹೆಸರು ಎಲ್ಲೋ ಅಪರೂಪಕ್ಕೆ ಯಾರದಾದರೂ ನೆನಪಿನಲ್ಲಿ ಉಳಿದಿರುತ್ತದೆ. ತಲೆಮಾರುಗಳ ಹೋಲಿಕೆ ಮೊದಲು ಮುಗ್ಗರಿಸುವುದು ಇಲ್ಲಿಯೇ.

ಹಳೆಯ ಸಂಪ್ರದಾಯದ ಕಂಬಳ ಪಂದ್ಯವೇ ಆಗಿರಲಿಲ್ಲ. ಕುಂದಾಪುರ ಕಡೆಯ ವಂಡಾರಿನಂಥ ಕಂಬಳಗಳಲ್ಲಿ ಇಂದಿಗೂ ಕಾಣುವ ಹಾಗೆ ಅದು ದೈವದ, ಬೆಳೆಯ, ಹರಕೆಯ ವಿಧಿ. ಕೋಣಗಳು ಒಂದರ ಹಿಂದೆ ಒಂದು ಜೋಡಿಯಾಗಿ ಗದ್ದೆಗಿಳಿಯುತ್ತಿದ್ದವು. ಎದುರಾಳಿ ಇರಲಿಲ್ಲ. ಇದ್ದದ್ದು ಮನೆತನದ ಗೌರವ, ಅದರ ಜೊತೆಗೆ ಜಾತಿಯ ಕ್ರೌರ್ಯ. ಕಂಬಳದ ಹಿಂದಿನ ರಾತ್ರಿ ಕೊರಗ ಸಮುದಾಯದವರನ್ನು ಮಂಜು ಸುರಿಯುವ ಗದ್ದೆಬದಿಯಲ್ಲಿ ಕೂರಿಸುತ್ತಿದ್ದರು. ಅದಕ್ಕೆ ಪನಿಕುಲ್ಲುನೆ ಎಂದು ಹೆಸರು. ಕೋಣಗಳಿಗೂ ಮೊದಲು ಅವರನ್ನೇ ಕರೆಯಲ್ಲಿ, ಅಂದರೆ ಕೆಸರಿನ ಓಟದ ಹಾದಿಯಲ್ಲಿ, ಓಡಿಸುತ್ತಿದ್ದರು. ಕೊರಗರನ್ನು ಹೀಗೆ ಕೀಳಾಗಿ ನಡೆಸಿಕೊಳ್ಳುವ ಅಜಲು ಪದ್ಧತಿಯನ್ನು ನಿಷೇಧಿಸುವ ಕಾಯ್ದೆ ಕರ್ನಾಟಕದಲ್ಲಿ ಬಂದದ್ದು 2000ದಲ್ಲಿ. ಹಳೆಯ ಕಾಲದ ಓಟಗಾರರ ಬಗ್ಗೆ ಹೆಮ್ಮೆಯಿಂದ ಮಾತಾಡುವಾಗ ಆ ಗದ್ದೆಯಲ್ಲಿ ಯಾರು ಓಡಿದರು, ಯಾರ ಹೆಸರು ಉಳಿಯಿತು ಎಂಬುದನ್ನು ಮರೆಯುವುದು ಅನ್ಯಾಯ.

ಪಂದ್ಯದ ರೂಪ ಗಟ್ಟಿಯಾದದ್ದು 1970ರ ಆಸುಪಾಸಿನಲ್ಲಿ. ಅದರಲ್ಲಿ ಕಾರ್ಕಳ ತಾಲೂಕಿನ ಬಜಗೋಳಿಯ ಪಾತ್ರ ದೊಡ್ಡದು. ಒಂಟಿಕರೆಯ ಜಾಗದಲ್ಲಿ ಜೋಡುಕರೆ ಬಂತು. ಎರಡು ಕರೆಗಳಲ್ಲಿ ಎರಡು ಜೋಡಿ ಒಟ್ಟಿಗೆ ಓಡತೊಡಗಿದ ಮೇಲೆ ಸೋಲು ಗೆಲುವು ಎಲ್ಲರ ಕಣ್ಣಿಗೂ ಕಂಡಿತು. 1974ರ ಭೂಸುಧಾರಣೆ ತಿದ್ದುಪಡಿ ಕರಾವಳಿಯ ಬೀಡುಗಳ ಭೂಮಿಯನ್ನು ಗೇಣಿದಾರರಿಗೆ ಕೊಟ್ಟಿತು. ಕಂಬಳದ ಭಾರ ನಿಧಾನವಾಗಿ ಮನೆತನಗಳಿಂದ ಸಮಿತಿಗಳ ಹೆಗಲಿಗೆ ಬಂತು. ಮಿಯಾರಿನ ಲವ-ಕುಶ, ಬಾರಾಡಿಯ ಸೂರ್ಯ-ಚಂದ್ರ, ಕಾಪು ತಾಲೂಕಿನ ಕಟಪಾಡಿಯ ಮೂಡು-ಪಡು, ಅಡ್ವೆ ನಂದಿಕೂರಿನ ಕೋಟಿ-ಚೆನ್ನಯ ಕರೆಗಳೆಲ್ಲ ನವೆಂಬರಿನಿಂದ ಮಾರ್ಚ್‌ವರೆಗಿನ ಒಂದೇ ಋತುವಿನ ಕೊಂಡಿಗಳಾದವು. ಇದೇ ಹೊತ್ತಿಗೆ ಟಿಲ್ಲರ್, ಟ್ರ್ಯಾಕ್ಟರುಗಳು ಗದ್ದೆಗಿಳಿದವು. ಹಿಂದೆ ಉಳುಮೆ ಮಾಡಿ ದಣಿದ ಕೋಣವೇ ಕಂಬಳಕ್ಕೂ ಇಳಿಯುತ್ತಿತ್ತು. ಇಂದಿನ ಕೋಣಕ್ಕೆ ಓಟ ಬಿಟ್ಟು ಬೇರೆ ದುಡಿಮೆಯಿಲ್ಲ. ಹುರುಳಿ, ಎಣ್ಣೆ ಮಾಲೀಸು, ಈಜು, ಋತುವಿಗೆ ಮೊದಲಿನ ಕುದಿ ಎಂಬ ತಾಲೀಮು ಓಟ, ಎಲ್ಲವೂ ವೇಗಕ್ಕಾಗಿಯೇ.

ಓಟಗಾರನೂ ಹಾಗೆಯೇ ಬದಲಾದ. 2011ರಲ್ಲಿ ಮೂಡುಬಿದಿರೆಯ ಪ್ರೊ. ಕೆ. ಗುಣಪಾಲ ಕಡಂಬ ಅವರ ನೇತೃತ್ವದಲ್ಲಿ ಮಿಯಾರಿನಲ್ಲಿ ಕಂಬಳ ಅಕಾಡೆಮಿಯ ತರಬೇತಿ ಆರಂಭವಾಯಿತು. ಮೊದಲ ತಂಡದಲ್ಲಿ ಕಲಿತವರಲ್ಲಿ ಶ್ರೀನಿವಾಸ ಗೌಡ ಒಬ್ಬರು. ಅಲ್ಲಿಯವರೆಗೆ ಈ ವಿದ್ಯೆ ತಂದೆಯಿಂದ, ಮಾವನಿಂದ, ನೆರೆಮನೆಯವನಿಂದ ನೋಡಿ ಕಲಿಯುವಂಥದಾಗಿತ್ತು. ವ್ಯಾಯಾಮ, ಉಸಿರಾಟ, ಕೋಣದೊಡನೆ ನಡೆದುಕೊಳ್ಳುವ ರೀತಿ, ಇವೆಲ್ಲ ಪಾಠವಾಗಿ ಬಂದದ್ದು ಈ ಕ್ಷೇತ್ರದ ಇತಿಹಾಸದಲ್ಲಿ ಜೋಡುಕರೆಯಷ್ಟೇ ದೊಡ್ಡ ತಿರುವು ಎಂದು ನಾನು ನಂಬುತ್ತೇನೆ.

ಆಮೇಲೆ ಗಡಿಯಾರ. ಹಿಂದೆ ಮಂಜೊಟ್ಟಿಯ ತೀರ್ಪುಗಾರರ ಕಣ್ಣೇ ಕೊನೆಯ ಮಾತು. ಈಗ ಲೇಸರ್ ಕಿರಣ ಕಡಿದ ಕ್ಷಣ ಸೆಕೆಂಡಿನ ನೂರನೇ ಒಂದು ಪಾಲಿನವರೆಗೆ ದಾಖಲಾಗುತ್ತದೆ. ಆ ಅಂಕಿಯೇ 2020ರಲ್ಲಿ ಕಂಬಳವನ್ನು ಲೋಕಕ್ಕೆ ತೋರಿಸಿತು. ಫೆಬ್ರವರಿ 1ರಂದು ಐಕಳದಲ್ಲಿ ಶ್ರೀನಿವಾಸ ಗೌಡ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಮುಟ್ಟಿದರು. ಯಾರೋ ಅದನ್ನು 100 ಮೀಟರಿಗೆ ಇಳಿಸಿ 9.55 ಎಂದರು. ಉಸೇನ್ ಬೋಲ್ಟನ 9.58ರ ಪಕ್ಕ ಇಟ್ಟರು. ಆಗಿನ ಕೇಂದ್ರ ಕ್ರೀಡಾ ಸಚಿವರು ಗೌಡರನ್ನು ಟ್ರಯಲ್ಸ್‌ಗೆ ಕರೆದರು. ಎರಡು ವಾರ ಕಳೆಯುವಷ್ಟರಲ್ಲಿ ವೇಣೂರಿನಲ್ಲಿ ಬಜಗೋಳಿ ಜೋಗಿಬೆಟ್ಟಿನ ನಿಶಾಂತ್ ಶೆಟ್ಟಿ 143 ಮೀಟರನ್ನು 13.61 ಸೆಕೆಂಡಿನಲ್ಲಿ ಓಡಿದರು. 2021ರ ಮಾರ್ಚಿನಲ್ಲಿ ಕಕ್ಯಪದವಿನಲ್ಲಿ ಶ್ರೀನಿವಾಸ ಗೌಡರು 125 ಮೀಟರಿಗೆ 11.21 ಸೆಕೆಂಡು ತೆಗೆದುಕೊಂಡರು. ಅಂದರೆ 100 ಮೀಟರಿಗೆ 8.96.

ಇಲ್ಲಿ ಸ್ವಲ್ಪ ನಿಂತು ಲೆಕ್ಕ ಮಾಡಬೇಕು. ಅಥ್ಲೆಟಿಕ್ಸ್‌ನಲ್ಲಿ 1968ರ ಮೆಕ್ಸಿಕೊದಲ್ಲಿ ಜಿಮ್ ಹೈನ್ಸ್ ಓಡಿದ 9.95ರಿಂದ 2009ರ ಬರ್ಲಿನ್‌ನಲ್ಲಿ ಬೋಲ್ಟನ 9.58ಕ್ಕೆ ಇಳಿಯಲು 41 ವರ್ಷ ಹಿಡಿಯಿತು. ಇಳಿದದ್ದು 0.37 ಸೆಕೆಂಡು. ಕಂಬಳದಲ್ಲಿ ಒಬ್ಬನೇ ಓಟಗಾರ ಹದಿಮೂರು ತಿಂಗಳಲ್ಲಿ 0.59 ಸೆಕೆಂಡು ಇಳಿಸಿದ. ಮನುಷ್ಯನ ಕಾಲು ಅಷ್ಟು ಬೇಗ ಬದಲಾಗುವುದಿಲ್ಲ. ಬದಲಾದದ್ದು ಕೋಣಗಳು, ಕರೆಯ ಉದ್ದ, ಕೆಸರಿನ ಆಳ, ನೀರಿನ ಪ್ರಮಾಣ. ಶ್ರೀನಿವಾಸ ಗೌಡರು ಇದನ್ನು ಎಲ್ಲರಿಗಿಂತ ಮೊದಲೇ ಹೇಳಿದ್ದರು. ವೇಗದ ಶ್ರೇಯ ಕೋಣಗಳದು, ಕೆಸರಿನಲ್ಲಿ ತಾವು ಓಡುವುದು ಹಿಮ್ಮಡಿಯ ಮೇಲೆ, ಟ್ರ್ಯಾಕಿನಲ್ಲಿ ಓಡುವುದು ಮುಂಗಾಲಿನ ಮೇಲೆ ಎಂದು ವಿವರಿಸಿ ಟ್ರಯಲ್ಸ್‌ನಿಂದ ಹಿಂದೆ ಸರಿದರು. ಬೋಲ್ಟನ ಹೋಲಿಕೆಯನ್ನು ಊದಿದವರಿಗಿಂತ ಅವರಿಗೆ ತಮ್ಮ ವಿದ್ಯೆಯ ಅರಿವು ಸ್ಪಷ್ಟವಾಗಿತ್ತು.

ಅದರಿಂದ ಓಟಗಾರನ ಕೌಶಲ ಕಿರಿದಾಗುವುದಿಲ್ಲ. ತನಗಿಂತ ವೇಗವಾದ ಎರಡು ಪ್ರಾಣಿಗಳು ಎಳೆಯುವಾಗ ಹಗ್ಗವನ್ನು ಬಿಗಿಯಾಗಿ ಹಿಡಿದು, ಅವುಗಳಿಗೆ ಭಾರವಾಗದೆ, ಬೀಳದೆ, ಎರಡನ್ನೂ ಸಮನಾಗಿ ಮಂಜೊಟ್ಟಿ ಮುಟ್ಟಿಸುವುದು ಬೋಲ್ಟನಿಗೂ ಬಾರದ ವಿದ್ಯೆ. ಇಂದಿನವರು ಅದನ್ನು ಬೆತ್ತದ ಬಳಕೆಗೆ ಕಟ್ಟುಪಾಡು ಬಂದ ಮೇಲೂ ಸಾಧಿಸಿದ್ದಾರೆ. ಜಲ್ಲಿಕಟ್ಟನ್ನು ನಿಷೇಧಿಸಿದ 2014ರ ಸುಪ್ರೀಂ ಕೋರ್ಟ್ ತೀರ್ಪು, ಕಂಬಳಕ್ಕೆ 2016ರ ನವೆಂಬರಿನಲ್ಲಿ ಬಂದ ಹೈಕೋರ್ಟ್ ತಡೆ, ಕಂಬಳಕ್ಕೆ ಅನುಮತಿ ಕೊಟ್ಟ ರಾಜ್ಯದ 2017ರ ತಿದ್ದುಪಡಿ, ಕೊನೆಗೆ ಅದನ್ನು ಎತ್ತಿಹಿಡಿದ 2023ರ ಮೇ 18ರ ಸಂವಿಧಾನ ಪೀಠದ ತೀರ್ಪು, ಈ ದಾರಿಯಲ್ಲಿ ಕಂಬಳ ಹಿಂಸೆಯನ್ನು ಕಡಿಮೆ ಮಾಡಿಕೊಳ್ಳಲೇಬೇಕಾಯಿತು. ಹೊಡೆತ ಕಡಿಮೆಯಾಗಿಯೂ ವೇಗ ತಗ್ಗಲಿಲ್ಲ ಎಂಬುದು ಇಂದಿನ ಓಟಗಾರರ ಪರವಾಗಿ ನಾನು ಎತ್ತುವ ಮೊದಲ ಮಾತು.

ಹಾಗಾದರೆ ಗೆಲ್ಲುವವರು ಯಾರು? ಹಗ್ಗ, ನೇಗಿಲು ಎಂಬ ಓಟದ ಎರಡು ವಿಭಾಗಗಳಲ್ಲೂ ಇಂದಿನವರೇ, ಅನುಮಾನವಿಲ್ಲ. ಆದರೆ ಆ ಗೆಲುವಿನಲ್ಲಿ ಕೋಣದ ಪಾಲು, ಆರೈಕೆಯ ಪಾಲು ಎಷ್ಟೆಂದು ಬಿಡಿಸಿ ಹೇಳಲಾಗದು. ಕನೆಹಲಗೆ ವಿಭಾಗದಲ್ಲಿ ಮಾತ್ರ ನನ್ನ ಮನಸ್ಸು ಹಳಬರ ಕಡೆ ವಾಲುತ್ತದೆ. ಅಲ್ಲಿ ಎದುರಾಳಿಯನ್ನು ಹಿಂದಿಕ್ಕುವ ಓಟವಿಲ್ಲ. ತೂತಿರುವ ಹಲಗೆಯ ಮೇಲೆ ಕಾಲೂರಿ ನಿಂತು, ಚಿಮ್ಮುವ ನೀರನ್ನು ಆರೂವರೆ ಕೋಲು, ಏಳೂವರೆ ಕೋಲು ಎತ್ತರದಲ್ಲಿ ಕಟ್ಟಿದ ನಿಶಾನೆಯ ಬಟ್ಟೆಗೆ ಹಾಯಿಸಬೇಕು. ನೀರು ಮುಟ್ಟಿತೋ ಇಲ್ಲವೋ ಎಂಬುದಕ್ಕೆ ಗಡಿಯಾರ ಬೇಡ. ಮೈಭಾರವನ್ನು ಕಾಲಿನ ಮೇಲೆ ಹದವಾಗಿ ಹಾಕುವ ಆ ವಿದ್ಯೆ ಗದ್ದೆಯ ದುಡಿಮೆಯಲ್ಲೇ ಬೆಳೆದವರಿಗೆ ಸಹಜವಾಗಿ ಒಲಿಯುತ್ತಿತ್ತು.

ಮುಂದಿನ ತಲೆಮಾರಿಗಾದರೂ ಈ ವಾದ ಅಂದಾಜಿನ ಮೇಲೆ ನಿಲ್ಲಬಾರದು. ಕಟಪಾಡಿಯ ಕರೆಯಿಂದ ಮಣಿಪಾಲ ಎಷ್ಟು ದೂರ? ಅಲ್ಲಿ ವೈದ್ಯಕೀಯ, ಕ್ರೀಡಾವಿಜ್ಞಾನ, ಎಂಜಿನಿಯರಿಂಗ್ ವಿಭಾಗಗಳೆಲ್ಲವೂ ಒಂದೇ ಗುಡ್ಡದ ಮೇಲಿವೆ. ಓಟಗಾರನ ಹೆಜ್ಜೆಯ ಉದ್ದ, ಹಗ್ಗದ ಮೇಲಿನ ಎಳೆತ, ಕೆಸರಿನ ಆಳ, ಕೋಣದ ತೂಕ, ಇವನ್ನೆಲ್ಲ ಋತುವಿನಿಂದ ಋತುವಿಗೆ ಅಳೆದಿಡಬೇಕು. ಅದರ ಜೊತೆಗೇ, ಎಪ್ಪತ್ತು ಎಂಬತ್ತರ ದಶಕದಲ್ಲಿ ಓಡಿ ಈಗ ಮುಪ್ಪಿನಲ್ಲಿರುವವರ ಮನೆಗಳಿಗೆ ಹೋಗಿ ಯಾವ ಕರೆಯಲ್ಲಿ, ಯಾರ ಕೋಣಗಳನ್ನು, ಯಾವ ವರ್ಷ ಓಡಿಸಿದರೆಂದು ಬರೆದುಕೊಳ್ಳಬೇಕು. ಈಗಿನ ಫಲಿತಾಂಶ ಪಟ್ಟಿಯಲ್ಲಿ ಯಜಮಾನರ ಹೆಸರಿನ ಕೆಳಗೆ 'ಓಡಿಸಿದವರು', 'ಹಲಗೆ ಮುಟ್ಟಿದವರು' ಎಂಬ ಸಾಲುಗಳಿವೆ. ಹಳೆಯ ಕಂಬಳಗಳಿಗೂ ಆ ಸಾಲುಗಳನ್ನು ತುಂಬಲು ಉಳಿದಿರುವ ಕಾಲ ಕಡಿಮೆ.